ದೀಪ ಉರಿಯದು, ಮೊಟ್ಟೆ ತಣ್ಣಗೆ

ಹತ್ತಿರ ಬನ್ನಿ ಮಕ್ಕಳೇ. ಸದ್ದು ಮಾಡಬೇಡಿ. ಮೊಟ್ಟೆ ಮಲಗಿವೆ.

ಒಂದೂರಲ್ಲಿ ಚೆಲುವಿ ಅಂತ ಒಬ್ಬಳು. ಚೆಲುವಿಗೊಂದು ಕೋಳಿ. ಕೋಳಿಯ ಹೆಸರು ಚುಕ್ಕಿ. ಚುಕ್ಕಿ ಮೂರು ಮೊಟ್ಟೆಗೆ ಕಾವು ಕೂತಿತ್ತು. ಒಂದು ಸಂಜೆ ಮುಂಗುಸಿ ಬಂತು. ಚುಕ್ಕಿ ಹೋಯಿತು. ಎರಡು ಪುಕ್ಕ ಉಳಿದವು. ಮೂರು ಮೊಟ್ಟೆ ಉಳಿದವು.

ಚೆಲುವಿಯ ಅಕ್ಕ ಭಾಗ್ಯ ಒಂದು ಕಾವಿನ ಪೆಟ್ಟಿಗೆ ಮಾಡಿದಳು. ಪೆಟ್ಟಿಗೆಯೊಳಗೆ ಒಂದು ದೀಪ. ದೀಪದ ಪಕ್ಕ ಬೆರಳುದ್ದದ ಹಸಿರು ಬೋರ್ಡು. ತಣ್ಣಗಾದರೆ ಬೋರ್ಡು ‘ಉರಿ’ ಅನ್ನುತ್ತಿತ್ತು. ದೀಪ ಉರಿಯುತ್ತಿತ್ತು. ಬಿಸಿಯಾದರೆ ಬೋರ್ಡು ‘ಆರು’ ಅನ್ನುತ್ತಿತ್ತು. ದೀಪ ಆರುತ್ತಿತ್ತು. ಮೊಟ್ಟೆಗಳಿಗೆ ಅಮ್ಮ ಇಲ್ಲ ಅಂತ ಗೊತ್ತೇ ಆಗಲಿಲ್ಲ.

ಒಂದು ಬೆಳಗ್ಗೆ ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕಿತು. ಚಟ್! ಹಲ್ಲಿ ಸತ್ತಿತು. ಬೋರ್ಡು ಸುಟ್ಟುಹೋಯಿತು. ದೀಪ ಆರಿತು.

ಅಕ್ಕ ಹೊಸ ಬೋರ್ಡು ಕೂರಿಸಿದಳು. ದೀಪ ಉರಿಯಲಿಲ್ಲ.

“ದೀಪಕ್ಕೆ ನೇರವಾಗಿ ಕರೆಂಟು ಕೊಡಕ್ಕಾ,” ಅಂದಳು ಚೆಲುವಿ.

“ಬಿಡದೆ ಉರಿದರೆ ಮೊಟ್ಟೆ ಬೇಯುತ್ತೆ ಕಣೇ. ನಿನಗೆ ಮರಿ ಬೇಕೋ, ಸಾರು ಬೇಕೋ?”

“ಮರಿ.”

ಚೆಲುವಿ ಮೊಟ್ಟೆಗಳನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡಳು. ಅವು ಮೆಲ್ಲಗೆ ತಣ್ಣಗಾಗುತ್ತಿದ್ದವು. ದೀಪದ ಹತ್ತಿರ ಹೋದಳು.

“ದೀಪವೇ ದೀಪವೇ, ಉರಿ.”

“ಬೋರ್ಡು ಹೇಳಲಿ. ಹೇಳದೆ ಉರಿಯಲ್ಲ.”

ದೀಪ ಉರಿಯದು, ಮೊಟ್ಟೆ ತಣ್ಣಗೆ.

ಚೆಲುವಿ ಬೋರ್ಡಿನ ಹತ್ತಿರ ಹೋದಳು.

“ಬೋರ್ಡೇ ಬೋರ್ಡೇ, ದೀಪಕ್ಕೆ ಹೇಳು.”

“ಏನಂತ ಹೇಳಲಿ? ನಾನು ಇವತ್ತು ಬಂದವನು. ಯಾವಾಗ ‘ಉರಿ’, ಯಾವಾಗ ‘ಆರು’ ಅನ್ನುವ ಪಾಠ ನನಗೆ ಬರಲ್ಲ. ತಂತಿ ಪಾಠ ತರಲಿ.”

ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.

ಚೆಲುವಿ ತಂತಿಯ ಹತ್ತಿರ ಹೋದಳು. ತಂತಿ ಮೇಜಿನ ಮೇಲೆ ಸುರುಳಿ ಸುತ್ತಿ ಮಲಗಿತ್ತು.

“ತಂತಿಯೇ ತಂತಿಯೇ, ಪಾಠ ಹೊತ್ತು ತಾ.”

“ನನಗೇನು ಕಷ್ಟ? ಏನು ಕೊಟ್ಟರೂ ಹೊರುತ್ತೇನೆ. ಕಂಪ್ಯೂಟರ್ ಕೊಡಬೇಕಲ್ಲ!”

ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.

ಚೆಲುವಿ ಕಂಪ್ಯೂಟರಿನ ಹತ್ತಿರ ಹೋದಳು. ಅಕ್ಕ ಅದರ ಮುಂದೆ ಕೂತು ಪಾಠ ಬರೆಯುತ್ತಿದ್ದಳು.

“ಕಂಪ್ಯೂಟರೇ ಕಂಪ್ಯೂಟರೇ, ಅಕ್ಕನ ಪಾಠ ಕೊಡು.”

“ಅಕ್ಕ ಅಕ್ಷರದಲ್ಲಿ ಬರೆದಳು. ಬೋರ್ಡಿಗೆ ಅಕ್ಷರ ಬರಲ್ಲ. ಅದಕ್ಕೆ ಬರುವುದು ಸೊನ್ನೆ, ಒಂದು, ಅಷ್ಟೇ. ಅಕ್ಷರವನ್ನು ಸೊನ್ನೆ ಒಂದು ಮಾಡುವ ದುಭಾಷಿ ಬೇಕು. ಮೊದಲು ನನ್ನೊಳಗೇ ಇದ್ದ. ರಿಪೇರಿಯವರು ಎಲ್ಲ ಒರೆಸಿಬಿಟ್ಟರು.”

ಕಂಪ್ಯೂಟರ್ ಕೊಡದು, ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.

ಚೆಲುವಿ ಪರದೆಗೆ ಬಾಯಿ ಹಚ್ಚಿ ಕೂಗಿದಳು.

“ದುಭಾಷಿಯೇ ದುಭಾಷಿಯೇ, ಬಾ.”

ಬಹಳ ದೂರದಿಂದ ಸಣ್ಣ ದನಿ ಬಂತು. “ಬರುತ್ತಿದ್ದೆ. ವೈಫೈ ಬಾಗಿಲು ಹಾಕಿದೆ.”

ದುಭಾಷಿ ಬಾರನು, ಕಂಪ್ಯೂಟರ್ ಕೊಡದು, ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.

“ವೈಫೈಯೇ ವೈಫೈಯೇ, ಬಾಗಿಲು ತೆಗಿ.”

“ಗುಟ್ಟಿನ ಮಾತು ಹೇಳು, ತೆಗೆಯುತ್ತೇನೆ. ಆ ಗುಟ್ಟು ನನ್ನ ಒಡತಿ, ಪಕ್ಕದ ಮನೆ ಹೊಂಬಾಳಮ್ಮನಿಗೆ ಗೊತ್ತು.”

ವೈಫೈ ತೆಗೆಯದು, ದುಭಾಷಿ ಬಾರನು, ಕಂಪ್ಯೂಟರ್ ಕೊಡದು, ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.

ಅಕ್ಕ ತಲೆ ತಗ್ಗಿಸಿದಳು. “ನನ್ನ ಫೋನಲ್ಲಿ ಡೇಟಾ ಖಾಲಿ. ಹೊಂಬಾಳತ್ತೆ ಹತ್ತಿರ ನಾನು ಮಾತು ಬಿಟ್ಟಿದ್ದೀನಿ. ನೀನೇ ಹೋಗು.”

ಚೆಲುವಿ ಹೋದಳು. ಹೊಂಬಾಳಮ್ಮ ಫೋನಿಗೆ ತಂತಿ ಚುಚ್ಚಿಕೊಂಡು ಧಾರಾವಾಹಿ ನೋಡುತ್ತಿದ್ದಳು.

“ಅತ್ತೆ ಅತ್ತೆ, ಗುಟ್ಟಿನ ಮಾತು ಹೇಳು.”

“ಹೇಳಲ್ಲ, ಹೋಗೇ! ನಿನ್ನ ಕೋಳಿ ನನ್ನ ಕೊತ್ತಂಬರಿ ಮಡಿ ಕೆದಕಿ ಹಾಕ್ತು. ಕೇಳಿದರೆ ನಿನ್ನ ಅಕ್ಕ ನನಗೇ ಬೈದಳು. ಮೊದಲು ಆ ಕೋಳಿಯನ್ನ ಕಟ್ಟಿ ಹಾಕು.”

“ಕೋಳಿ ಇಲ್ಲ, ಅತ್ತೆ.”

“ಎಲ್ಲಿ ಹೋಯ್ತು?”

“ಮುಂಗುಸಿ ತಿಂತು.”

ಹೊಂಬಾಳಮ್ಮ ಫೋನು ಕೆಳಗಿಟ್ಟಳು. ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು.

ಚೆಲುವಿ ಮಡಿಲು ಬಿಚ್ಚಿದಳು. ಒಂದು ಮೊಟ್ಟೆ ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು. ನಿಂತಲ್ಲೇ ಹೇಳಿದಳು:

“ಅತ್ತೆ ಹೇಳಳು, ವೈಫೈ ತೆಗೆಯದು, ದುಭಾಷಿ ಬಾರನು, ಕಂಪ್ಯೂಟರ್ ಕೊಡದು, ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ.”

ಹೊಂಬಾಳಮ್ಮ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು.

“ಅಯ್ಯೋ, ನಿಜವಾಗಲೂ ತಣ್ಣಗಿದೆಯಲ್ಲೇ!”

ಮೊಟ್ಟೆಯನ್ನು ಚೆಲುವಿಯ ಮಡಿಲಿಗೆ ಹಾಕಿ ಎದ್ದಳು. ಚಪ್ಪಲಿ ಮೆಟ್ಟಲಿಲ್ಲ. ಚೆಲುವಿಯ ಜೊತೆ ಬಂದಳು. ಭಾಗ್ಯಳ ಮುಖ ನೋಡಲಿಲ್ಲ. ಗೋಡೆ ನೋಡಿಕೊಂಡು ಅಂದಳು: “ಗುಟ್ಟಿನ ಮಾತು ಕೊತ್ತಂಬರಿ.”

ಅತ್ತೆ ಹೇಳಿದಳು, ವೈಫೈ ತೆಗೆಯಿತು, ದುಭಾಷಿ ಬಂದನು, ಕಂಪ್ಯೂಟರ್ ಕೊಟ್ಟಿತು, ತಂತಿ...

ತಂತಿ ಹೊರಲಿಲ್ಲ.

“ಬೋರ್ಡಾ?” ಅಂದಿತು ಕಂಪ್ಯೂಟರ್. “ಯಾವ ಬೋರ್ಡು? ತಂತಿಯ ಆ ತುದಿಯಲ್ಲಿ ನನಗೆ ಯಾರೂ ಕಾಣುವುದಿಲ್ಲ.”

ಅಕ್ಕ ತಂತಿ ಕಿತ್ತು ಮತ್ತೆ ಚುಚ್ಚಿದಳು. ಮತ್ತೆ ಕಿತ್ತಳು. ಮತ್ತೆ ಚುಚ್ಚಿದಳು.

ಆಗ ತಂತಿ ಮೆಲ್ಲಗೆ ಅಂದಿತು. “ನಾನು ಬರೀ ಚಾರ್ಜಿಂಗ್ ತಂತಿ. ಕರೆಂಟು ಹೊರುತ್ತೇನೆ. ಪಾಠ ಹೊರುವ ಎಳೆ ನನ್ನೊಳಗೆ ಇಲ್ಲ.”

“ಮೊದಲೇ ಹೇಳಬಾರದಿತ್ತಾ?” ಅಂದಳು ಚೆಲುವಿ.

“ನನಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ಯಾರೂ ಪಾಠ ಹೊರು ಅಂದಿರಲಿಲ್ಲ.”

ಚೆಲುವಿ ನೆಲದ ಮೇಲೆ ಕೂತಳು. ಮಡಿಲಲ್ಲಿ ಮೊಟ್ಟೆಗಳು ಬಾವಿಕಟ್ಟೆಯ ಕಲ್ಲಿನ ಹಾಗಿದ್ದವು. ತಂತಿ ಹೊರದು, ಬೋರ್ಡು ಹೇಳದು, ದೀಪ ಉರಿಯದು, ಮೊಟ್ಟೆ ತಣ್ಣಗೆ. ಅವಳು ಮೆಲ್ಲಗೆ ಹೇಳಿದಳು.

“ಏ ಭಾಗ್ಯ,” ಅಂದಳು ಹೊಂಬಾಳಮ್ಮ. “ನನ್ನ ಫೋನಿನ ಫೋಟೋ ಎಲ್ಲ ಕಂಪ್ಯೂಟರಿಗೆ ಹೋಗುತ್ತೆ ನೋಡು, ಆ ತಂತಿ ಆಗುತ್ತಾ?”

“ಆಗುತ್ತೆ ಅತ್ತೆ. ಆದರೆ ನಿಮ್ಮ ಧಾರಾವಾಹಿ?”

“ಇವತ್ತೂ ಅಳ್ತಾರೆ, ನಾಳೆನೂ ಅಳ್ತಾರೆ. ತಡಿ, ತರ್ತೀನಿ.”

ಹೊಂಬಾಳಮ್ಮ ಓಡಿದಳು. ಫೋನಿನ ತಂತಿ ಕಿತ್ತು ತಂದಳು. ಅಕ್ಕ ಅದನ್ನು ಚುಚ್ಚಿದಳು.

ಅತ್ತೆ ಹೇಳಿದಳು, ವೈಫೈ ತೆಗೆಯಿತು, ದುಭಾಷಿ ಬಂದನು, ಕಂಪ್ಯೂಟರ್ ಕೊಟ್ಟಿತು, ತಂತಿ ಹೊತ್ತು ತಂದಿತು, ಬೋರ್ಡು ಹೇಳಿತು, ದೀಪ ಉರಿಯಿತು.

ಚೆಲುವಿ ಮೂರೂ ಮೊಟ್ಟೆ ಪೆಟ್ಟಿಗೆಯಲ್ಲಿಟ್ಟಳು. ತಣ್ಣಗಾದರೆ ‘ಉರಿ’. ಬಿಸಿಯಾದರೆ ‘ಆರು’. ಮೊಟ್ಟೆ ಬೆಚ್ಚಗೆ.

ಅವಳು ಪೆಟ್ಟಿಗೆಗೆ ಕಿವಿ ಹಚ್ಚಿದಳು. ಸದ್ದಿಲ್ಲ. ಮರುದಿನ ಹಚ್ಚಿದಳು. ಸದ್ದಿಲ್ಲ. ಅದರ ಮರುದಿನವೂ ಹಚ್ಚಿದಳು.

ಒಂದು ಮೊಟ್ಟೆ ಮಾತಾಡಲೇ ಇಲ್ಲ. ಇನ್ನೊಂದೂ ಮಾತಾಡಲೇ ಇಲ್ಲ. ಅವೆರಡನ್ನೂ ಚೆಲುವಿ ಮಣ್ಣಲ್ಲಿಟ್ಟಳು. ಪಕ್ಕದಲ್ಲಿ ಚುಕ್ಕಿಯ ಎರಡು ಪುಕ್ಕ ಇಟ್ಟಳು. ಗುಂಡಿ ತೋಡಿದವಳು ಹೊಂಬಾಳಮ್ಮ. ತೋಡಿದ್ದು ಕೊತ್ತಂಬರಿ ಮಡಿಯಲ್ಲಿ.

ಚೆಲುವಿ ವಾಪಸು ಬಂದು ಕಿವಿ ಹಚ್ಚಿದಳು.

ಟಕ್.

ಮೂರನೆಯದು. ಟಕ್, ಟಕ್. ಸಿಪ್ಪೆ ಬಿರಿಯಿತು. ಒದ್ದೆ ಮರಿಯೊಂದು ಹೊರಗೆ ಬಿತ್ತು. ಎದ್ದಿತು. ಮತ್ತೆ ಬಿತ್ತು. ಮತ್ತೆ ಎದ್ದು ಪುಟ್ಟ ಕಾಲಲ್ಲಿ ಪೆಟ್ಟಿಗೆಯ ತಳ ಕೆದಕಿತು. ಪರ್, ಪರ್.

ಹೊಂಬಾಳಮ್ಮ ಬಗ್ಗಿ ನೋಡಿದಳು. ಕಣ್ಣೊರೆಸಿಕೊಂಡಳು.

“ನೋಡು, ಈಗಲೇ ಶುರು ಮಾಡ್ತು. ನನ್ನ ಮಡಿಗೆ ಬೇಲಿ ಹಾಕಬೇಕು ಬಿಡು.”

ದೀಪ ಉರಿಯಿತು, ನಮ್ಮ ಕಥೆ ಆರಿತು.