ಗುರುಮಲ್ಲ ಪರಿಮಳ ಕಾಯಿಸಿದ್ದು

ಬನ್ನಿ, ಹೀಗೆ ಒತ್ತಾಗಿ ಕೂತ್ಕೊಳ್ಳಿ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಈಗಲೇ ಉಗಿದು ಬನ್ನಿ. ಆಮೇಲೆ ನಗು ಬಂದು ಪಕ್ಕದವರ ಅಂಗಿ ಕೆಂಪಾದೀತು.

ಕಪಿಲೆ ಹೊಳೆ ದಂಡೆ ಮೇಲೆ, ರಸಬಾಳೆ ತೋಟಗಳ ಮಗ್ಗುಲಲ್ಲಿ ಒಂದು ಊರು. ಆ ಊರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಗುರುಮಲ್ಲ. ಆಳು ನೋಡಿದರೆ ಬಾಗಿಲ ತುಂಬ. ತಲೆ? ತಲೆಯೂ ಇತ್ತು, ಕ್ರಾಪು ಬಾಚೋದಕ್ಕೆ. ಯಾರು ಏನು ಹೇಳಿದರೂ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. "ಎಮ್ಮೆ ಮೇಲೆ ಒಂದು ಕಣ್ಣಿಟ್ಟಿರೋ" ಅಂದರೆ ಎಮ್ಮೆ ಬೆನ್ನಿಗೆ ಕಣ್ಣು ಒತ್ತಿಕೊಂಡು ನಿಂತಿರೋನು. ಎಮ್ಮೆ ನಡೆದರೆ ಇವನೂ ಹಾಗೇ ಬಗ್ಗಿಕೊಂಡು ನಡೆಯೋನು.

"ಅಯ್ಯೋ ಮಗನೇ! ನಾನು ಕಣ್ಣು ಮುಚ್ಚಿದರೆ ನಿನ್ನ ಗತಿ ಏನೋ!" ಅಂತ ತಾಯಿ ಅಳೋಳು.

"ಮುಚ್ಚಬೇಡ ಕಣವ್ವ, ಬಿಟ್ಕೊಂಡೇ ಇರು" ಅಂತ ಮಗ ಸಮಾಧಾನ ಮಾಡೋನು.

ಊರಾಚೆ ಒಂದು ಹಳೇ ಅಕ್ಕಿ ಗಿರಣಿ. ಅದರೊಳಗೆ ಮೈಸೂರಿನ ಶಾಕಿರಾ ಮೇಡಂ ಪರಿಮಳ ಮಾಡೋ ಲ್ಯಾಬು ಇಟ್ಟಿದ್ದರು. ಅಲ್ಲಿ ಕಸ ಗುಡಿಸಿ, ಮಧ್ಯಾಹ್ನಕ್ಕೆ ಮುದ್ದೆ ಸಾರು ಮಾಡಿಕೊಡೋಳು ದೊಡ್ಡತಾಯಮ್ಮ. ಮೇಡಂ ಒಂದು ಕಡೆ ಮೂಗು ಮುಚ್ಚಿಕೊಳ್ಳೋ ಹಾಗೆ ನಾರೋ ಒಂದು ಎಣ್ಣೆ ಇಡೋರು. ಇನ್ನೊಂದು ಕಡೆ ಕಣ್ಣು ಉರಿಸೋ ಒಂದು ಹುಳಿ. ಎರಡನ್ನೂ ಗಾಜಿನ ಬುರುಡೆಗೆ ಹಾಕಿ, ಬೂದುಬಣ್ಣದ ಒಂದು ಪುಡಿ ಚಿಟಿಕೆಯಷ್ಟು ಬೆರೆಸಿ ಕಾಯಿಸಿದರೆ, ಆಹಾ! ರಸಬಾಳೆ ಗೊನೆ ಬಿಚ್ಚಿಟ್ಟ ಹಾಗೆ ಘಮ ಘಮ! ಆ ವಿದ್ಯೆಗೆ ಮೇಡಂ 'ಅಸೈಲೇಶನ್' ಅನ್ನೋರು. ದೊಡ್ಡತಾಯಮ್ಮನ ಬಾಯಲ್ಲಿ ಅದು 'ಹಸಿ ಲೇಸನ್ನು' ಆಗೋದು.

"ಮೇಡಮ್ಮೋರೆ, ನನ್ನ ಮಗನ್ನೂ ಈ ಹಸಿ ಲೇಸನ್ನಿಗೆ ಸೇರಿಸಿಕೊಳ್ಳಿ. ಹೇಳಿದ ಮಾತು ಮೀರೋನಲ್ಲ" ಅಂತ ಕೈ ಮುಗಿದಳು. ಸುಳ್ಳಂತೂ ಹೇಳಲಿಲ್ಲ.

ಮೇಡಂ ಒಪ್ಪಿದರು. ಮೊದಲ ದಿನ ಬುರುಡೆಯನ್ನ ಒಲೆ ಮೇಲಿಟ್ಟು, "ಗುರುಮಲ್ಲ, ಫೋನು ಬಂದಿದೆ. ಇದನ್ನ ನೋಡ್ಕೊಂಡಿರು" ಅಂದು ಆಚೆ ಹೋದರು.

ಗುರುಮಲ್ಲ ನೋಡ್ಕೊಂಡ. ರೆಪ್ಪೆ ಬಡಿಯದೆ ನೋಡ್ಕೊಂಡ. ಬುರುಡೆ ಗುಳುಗುಳು ಅಂತು, ನೋಡ್ಕೊಂಡ. ಬುರುಬುರು ಅಂತು, ನೋಡ್ಕೊಂಡ. ಕೊರಳ ತನಕ ಬಂತು, ಬಾಯಿ ತನಕ ಬಂತು, ಬುಸ್ ಅಂತ ಉಕ್ಕಿ ಮೇಜೆಲ್ಲ ಹರಿದು ಅವನ ಚಪ್ಪಲಿ ತನಕ ಬಂತು. ಅದನ್ನೂ ನೋಡ್ಕೊಂಡ.

"ಅಯ್ಯೋ! ಉಕ್ಕಿಹೋಯ್ತಲ್ಲೋ! ಏನ್ ಮಾಡ್ತಿದ್ದೆ?"

"ನೋಡ್ಕೊಂಡಿದ್ದೆ ಮೇಡಮ್ಮೋರೆ. ಚೆನ್ನಾಗಿ ಉಕ್ತು!"

ಮೇಡಂ ಹಣೆ ಹಿಡಿದುಕೊಂಡರು. ದೊಡ್ಡತಾಯಮ್ಮ ಪೊರಕೆ ಹಿಡಿದು ಬಂದಳು. "ಲೋ ಮಂಕೇ! ಉಕ್ಕಿ ಬಂದಾಗ ನೋಡ್ತಾ ನಿಲ್ಲೋದಾ? ಉಕ್ಕಿ ಬಂತು ಅಂದರೆ ತಣ್ಣೀರು ಹುಯ್ಯಬೇಕು, ತಣ್ಣೀರು!"

"ಉಕ್ಕಿ ಬಂದರೆ ತಣ್ಣೀರು. ಆಯ್ತು ಕಣವ್ವ!"

ಮಾರನೇ ದಿನ ಬೆಳಿಗ್ಗೆ ಮೇಡಂ ಹೊಸ ಹುಳಿಯನ್ನ ಬೋಗುಣಿಯಲ್ಲಿ ಅಳೆದಿಟ್ಟುಕೊಂಡು ಕೂತಿದ್ದರು. ಗುರುಮಲ್ಲನ ಮುಖ ಕಂಡಿದ್ದೇ ತಡ, "ನಿನ್ನೆದು ನೆನೆಸಿಕೊಂಡರೆ ಈಗಲೂ ಸಿಟ್ಟು ಉಕ್ಕಿ ಬರ್ತದೆ ಕಣೋ!" ಅಂದರು.

ಉಕ್ಕಿ ಬರ್ತದೆ! ಗುರುಮಲ್ಲ ಓಡಿದ. ಬಾವಿಗೆ ಬಿಂದಿಗೆ ಬಿಟ್ಟ. ಸೇದಿದ. ಓಡಿ ಬಂದ. ಮೇಡಂ ತಲೆ ಮೇಲೆ ಧೋ ಅಂತ ಹುಯ್ದ!

ಮೇಡಂ ತೊಯ್ದರು, ಮೇಜು ತೊಯ್ತು, ಬೋಗುಣಿಯಲ್ಲಿದ್ದ ಹುಳಿಗೆಲ್ಲ ನೀರು ಬಿತ್ತು.

"ಇಳೀತಾ ಮೇಡಮ್ಮೋರೆ? ಇಲ್ಲಾಂದ್ರೆ ಇನ್ನೊಂದು ಬಿಂದಿಗೆ ತರ್ತೀನಿ!"

"ನೀರು!" ಅಂತ ಮೇಡಂ ಕೂಗಿದರು. "ಈ ಕೆಲಸಕ್ಕೆ ನೀರೇ ಶತ್ರು ಕಣೋ! ಹುಳಿ ನೀರು ಕುಡಿದುಬಿಟ್ಟರೆ ಆಮೇಲೆ ಎಣ್ಣೆ ಕಡೆ ತಿರುಗಿಯೂ ನೋಡಲ್ಲ! ಇನ್ನು ಮೇಲೆ ಈ ಬಾಗಿಲೊಳಗೆ ಒಂದು ಹನಿ ನೀರು ಕಂಡರೂ ಆಚೆಗೆ ತಳ್ಳು! ಗೊತ್ತಾಯ್ತಾ?"

"ಒಂದು ಹನಿ ಕಂಡರೂ ಆಚೆಗೆ ತಳ್ಳೋದು. ಗೊತ್ತಾಯ್ತು!"

ಆ ವಾರದಲ್ಲೇ ವರದಯ್ಯ ಶೆಟ್ಟರು ಬಂದರು. ಊದುಬತ್ತಿ ಮಾಡಿಸೋ ದೊಡ್ಡ ವ್ಯಾಪಾರಿ. ಬಾಳೆಹಣ್ಣಿನ ಪರಿಮಳದ ಊದುಬತ್ತಿ ಮಾಡಬೇಕು ಅಂತ ಅವರಿಗೆ ಆಸೆ. ಅವರು ಕೊಂಡರೆ ಲ್ಯಾಬು ಉಳೀತು, ಇಲ್ಲದಿದ್ದರೆ ಬೀಗ. ಮೇಡಂ ಇದನ್ನ ದೊಡ್ಡತಾಯಮ್ಮನ ಹತ್ತಿರ ಹೇಳಿದ್ದರು. ಅವಳು ಬಾಗಿಲಿಗೆ ರಂಗೋಲಿ ಹಾಕಿ ಕಾದಿದ್ದಳು.

ಶೆಟ್ಟರು ಒಳಗೆ ಕಾಲಿಟ್ಟರು. ಹುಳಿಯ ಘಾಟು ಕಣ್ಣಿಗೆ ಹೊಡೆಯಿತು. ಕಣ್ಣಲ್ಲಿ ನೀರು ತುಂಬಿ ಬಂತು.

"ನೀರು!" ಅಂತ ಗುರುಮಲ್ಲ ಶೆಟ್ಟರ ರಟ್ಟೆ ಹಿಡಿದ. "ಮೇಡಮ್ಮೋರೆ, ಇವರು ಕಣ್ಣಲ್ಲಿಟ್ಟುಕೊಂಡು ತಂದವ್ರೆ!"

"ಯಾರೋ ನೀನು? ಬಿಡೋ!" ಅಂದರು ಶೆಟ್ಟರು. ಗಾಬರಿಗೆ ಹಣೆ ಮೇಲೆ ಬೆವರು ಕಿತ್ತುಕೊಂಡಿತು.

"ಹಣೇಲೂ ಐತೆ!"

ಎತ್ತಿಕೊಂಡೇ ಹೋದ. ರಂಗೋಲಿ ದಾಟಿಸಿ ಧಡಾರ್ ಅಂತ ಆಚೆಗೆ ತಳ್ಳಿದ. ಶೆಟ್ಟರು ಹೋಗಿ ಹೊಟ್ಟಿನ ರಾಶಿಯಲ್ಲಿ ಕೂತರು. ದೊಡ್ಡತಾಯಮ್ಮ ಓಡಿಹೋಗಿ ಎಬ್ಬಿಸಿದಳು, ಸೆರಗಲ್ಲಿ ಪಂಚೆ ಒದರಿದಳು, ಮಜ್ಜಿಗೆ ಕೊಟ್ಟಳು, ಕಾಲಿಗೂ ಬಿದ್ದಳು.

"ನಿನ್ನ ಮುಖ ನೋಡಿ ಇನ್ನೊಂದು ಸಲ ಬರ್ತೀನಿ ತಾಯಿ" ಅಂದರು ಶೆಟ್ಟರು. "ಮುಂದಿನ ಸೋಮವಾರ ಪರಿಮಳ ತಯಾರಿರಬೇಕು. ಇಲ್ಲದಿದ್ದರೆ ನನಗೆ ಬೇರೆ ಕಡೆ ಸಿಗ್ತದೆ."

ಮೇಡಂ ಗುರುಮಲ್ಲನ್ನ ಎದುರಿಗೆ ನಿಲ್ಲಿಸಿಕೊಂಡರು. "ಏನೋ ಅದು, ಒಂದೇ ಏಟಿಗೆ ಧಡಾರ್ ಅಂತ! ನಾನು ಹುಳೀನ ಎಣ್ಣೆಗೆ ಬಿಡೋದನ್ನ ನೋಡಿಲ್ವಾ? ತೊಟ್ಟು... ತೊಟ್ಟು... ತೊಟ್ಟು. ಅವಸರ ಮಾಡಿದರೆ ಎಲ್ಲ ಹಾಳು. ಏನೇ ಮಾಡಿದರೂ ತೊಟ್ಟು ತೊಟ್ಟಾಗಿ ಮಾಡು!"

"ಏನೇ ಮಾಡಿದರೂ ತೊಟ್ಟು ತೊಟ್ಟಾಗಿ!"

ಅವತ್ತು ಸಂಜೆ ಮನೆ ಹಿತ್ತಲಲ್ಲಿ ದೊಡ್ಡತಾಯಮ್ಮ ಒಲೆ ಬೂದಿ ಚೆಲ್ಲಿದಳು. ಬೂದಿಯಲ್ಲಿ ಕೆಂಡ ಇತ್ತು. ಗಾಳಿ ಬೀಸಿತು. ಎಮ್ಮೆಗೆ ಅಂತ ಒಟ್ಟಿದ್ದ ಹುಲ್ಲು ಹತ್ತಿಕೊಂಡಿತು.

"ಗುರುಮಲ್ಲಾ! ಬೆಂಕಿ! ನೀರು ಹುಯ್ಯೋ! ಹುಯ್ಯೋ!"

ಗುರುಮಲ್ಲ ಬಂದ. ಓಡಿ ಬರಲಿಲ್ಲ, ನಡೆದು ಬಂದ. ಚೊಂಬಲ್ಲಿ ನೀರು ತಂದ. ಬೆರಳ ತುದಿ ಅದ್ದಿದ. ಒಂದು ತೊಟ್ಟು ಬಿಟ್ಟ. ಚುಂಯ್! ಇನ್ನೊಂದು ತೊಟ್ಟು ಬಿಟ್ಟ. ಚುಂಯ್!

"ಬೇಗ ಹುಯ್ಯೋ ಪಾಪಿ!"

"ಅವಸರ ಮಾಡಿದರೆ ಎಲ್ಲ ಹಾಳು ಕಣವ್ವ. ತೊಟ್ಟು... ತೊಟ್ಟು..."

ಕಲಗಚ್ಚಿನ ಬಾನಿಯನ್ನೇ ಎಳೆದು ತಂದು ಸುರಿದು ತಾಯಿ ಬೆಂಕಿ ಆರಿಸಿದಳು. ಅಷ್ಟರಲ್ಲಿ ಅರ್ಧ ಹುಲ್ಲು ಬೂದಿ. ಮಸಿ ಮೆತ್ತಿದ ಮುಖದಲ್ಲಿ ಕೂತುಕೊಂಡು ಅತ್ತಳು. "ಇಂಥ ಹೊತ್ತಲ್ಲಿ ತೊಟ್ಟು ತೊಟ್ಟಾ? ಎರಡೂ ಕೈಯಲ್ಲಿ ಎತ್ತಿ ಒಂದೇ ಸಲಕ್ಕೆ ಸುರೀಬೇಕು ಕಣೋ! ಹಿಂದೆ ಮುಂದೆ ನೋಡದೆ ಸುರೀಬೇಕು!"

"ಮೊದಲೇ ಹೇಳಬಾರದಾ ಅವ್ವ?" ಅಂದ ಮಗ.

ಭಾನುವಾರ ಬಂತು. ಬೆಳಗಾದರೆ ಶೆಟ್ಟರು ಬರ್ತಾರೆ. ಮೇಡಂ ಎಣ್ಣೆ ಹುಳಿ ಎರಡನ್ನೂ ತಾವೇ ಅಳೆದರು. ಸ್ವಲ್ಪ ಮಾತ್ರ ಬುರುಡೆಗೆ ಹಾಕಿದರು, ಮಿಕ್ಕಿದ್ದನ್ನ ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿಟ್ಟರು. ತಾವೇ ಒಲೆ ಹಚ್ಚಿದರು. ಇನ್ನು ಉಳಿದದ್ದು ಚಿಟಿಕೆ ಪುಡಿ. ಕೈಗವಸು ಹಾಕಿಕೊಳ್ಳುತ್ತಾ, ಬೆನ್ನು ತಿರುಗಿಸಿದ್ದಾಗಲೇ, "ಗುರುಮಲ್ಲ, ಆ ಪುಡಿ ಹಾಕು" ಅಂದುಬಿಟ್ಟರು.

ಗುರುಮಲ್ಲ ಪುಡಿ ಸೀಸೆಯನ್ನ ಎರಡೂ ಕೈಯಲ್ಲಿ ಎತ್ತಿದ. ಹಿಂದೆ ನೋಡಲಿಲ್ಲ. ಮುಂದೆ ನೋಡಲಿಲ್ಲ. ಪೂರಾ ಸುರಿದ!

ಬುರುಡೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಗೊರ್ ಅಂತು. "ಆಚೆಗೆ! ಎಲ್ಲ ಆಚೆಗೆ!" ಅಂತ ಮೇಡಂ ತಾಯಿ ಮಗ ಇಬ್ಬರ ರಟ್ಟೆ ಹಿಡಿದು ಎಳೆದುಕೊಂಡು ಓಡಿದರು. ಹಿಂದೆ ಭುಸ್ ಅಂತ ಸೂರಿಗೆ ಹಾರಿತು ನೋಡಿ, ಆ ಬಾಳೆಹಣ್ಣಿನ ಘಮಲು! ಗಿರಣಿ ತುಂಬಿತು, ಬೀದಿ ತುಂಬಿತು, ಊರು ತುಂಬಿತು. ಮಲಗಿದ್ದ ಮುದುಕರು ಎದ್ದು ಕೂತು "ಯಾರ ಮನೇಲೋ ಪೂಜೆ" ಅಂದರು. ತೋಪಿನಲ್ಲಿದ್ದ ಕೋತಿಗಳಿಗೂ ವಾಸನೆ ಹೋಯಿತು. ದಂಡು ದಂಡಾಗಿ ಬಂದವು! ಹಂಚು ಕಿತ್ತವು, ಕುರ್ಚಿ ಹತ್ತಿದವು, ಬುರುಡೆಯೊಳಗೆ ಕೈ ಬಿಟ್ಟು ಹಣ್ಣು ಹುಡುಕಿದವು. ಹಣ್ಣಿಲ್ಲ! ಸಿಟ್ಟಿಗೆದ್ದ ಒಂದು ಗಡವ ಮೇಡಂ ಕನ್ನಡಕ ಹಾಕಿಕೊಂಡು ಹೋಯಿತು.

ಮೇಡಂ ಹೊಸ್ತಿಲ ಮೇಲೆ ಕೂತರು. ಈ ಸಲ ಕೂಗಲಿಲ್ಲ. ಅದನ್ನ ಕಂಡೇ ದೊಡ್ಡತಾಯಮ್ಮನ ಎದೆ ಒಡೆದ ಹಾಗಾಯಿತು. ಕೂಗಿದ್ದರೆ ವಾಸಿಯಿತ್ತು.

"ಎಣ್ಣೆ ಇದೆ, ಹುಳಿ ಇದೆ" ಅಂದರು ಮೇಡಂ ಮೆಲ್ಲಗೆ. "ಪುಡಿ ಇಲ್ಲ. ಬೊಂಬಾಯಿಂದ ತರಿಸಿದ್ದು, ನಾಳೆಗೆಲ್ಲಿ ಬರ್ತದೆ? ಅದಿಲ್ಲದೆ ಇವೆರಡೂ ವರ್ಷಗಟ್ಟಲೆ ಎದುರು ಬದುರು ಕೂತಿರ್ತವೆ, ಸೇರಲ್ಲ."

"ಪುಡಿ ಅಲ್ಲೇ ಮೇಜು ಗೋಡೆ ಮೇಲೆಲ್ಲ ಮೆತ್ತಿಕೊಂಡೈತಲ್ಲ ಮೇಡಮ್ಮೋರೆ, ಕೆಸರಿನ ಥರ" ಅಂದಳು ದೊಡ್ಡತಾಯಮ್ಮ.

ಮೇಡಂ ತಲೆ ಎತ್ತಿದರು. ಗುರುಮಲ್ಲನ್ನ ಹತ್ತಿರ ಕರೆದು, ಮಗುವಿಗೆ ಹೇಳೋ ಹಾಗೆ ಹೇಳಿದರು.

"ಕೇಳು ಗುರುಮಲ್ಲ. ಈ ಪುಡಿ ಅಂದರೆ ಮದುವೆ ಮಾಡಿಸೋ ದಲ್ಲಾಳಿ ಇದ್ದ ಹಾಗೆ. ಗಂಡಿಗೂ ಹೆಣ್ಣಿಗೂ ಜೋಡಿ ಮಾಡ್ತದೆ, ತಾನು ಅವರ ಜೊತೆ ಸಂಸಾರ ಮಾಡಲ್ಲ. ಜೋಡಿಯಾದ ಮೇಲೆ ಅದನ್ನ ಅಲ್ಲೇ ಬಿಡಬಾರದು. ಸೋಸಿ ಆಚೆಗೆ ತೆಗೀಬೇಕು. ಚೆನ್ನಾಗಿ ತೊಳೀಬೇಕು. ಬಿಳೀ ಬಟ್ಟೆ ಮೇಲೆ ಹರಡಿ, ಮಗುಚಿ ಮಗುಚಿ ಒಣಗಿಸಬೇಕು. ಆಮೇಲೆ ಸೀಸೆಗೆ ತುಂಬಿ ಬಿರಡೆ ಹಾಕಬೇಕು. ಮತ್ತೊಂದು ಜೋಡಿಗೆ ಬೇಕಾಗ್ತದಲ್ಲ!"

"ಸೋಸೋದು, ತೊಳೆಯೋದು, ಮಗುಚಿ ಒಣಗಿಸೋದು, ಸೀಸೆಗೆ ತುಂಬಿ ಬಿರಡೆ ಹಾಕೋದು" ಅಂದ ಗುರುಮಲ್ಲ.

ಹಾಗೇ ಮಾಡಿದ. ಮೇಜಿಂದ ಬಳಿದ, ಗೋಡೆಯಿಂದ ಕೆರೆದ, ಸೋಸಿದ. ಮೇಡಂ ಕೊಟ್ಟ ಸ್ಪಿರಿಟ್ಟಲ್ಲಿ ತೊಳೆದ. ದೊಡ್ಡತಾಯಮ್ಮ ತನ್ನ ಬಿಳೀ ಸೀರೆ ಹರಿದು ಕೊಟ್ಟಳು. ಅದರ ಮೇಲೆ ಹರಡಿದ. ಊಟಕ್ಕೆ ಕರೆದರೂ ಏಳಲಿಲ್ಲ. ಮಗುಚಿದ, ಮತ್ತೆ ಮಗುಚಿದ. ಬಿಸಿಲು ಇಳಿಯೋ ಹೊತ್ತಿಗೆ ಪುಡಿ ಮೊದಲಿದ್ದ ಹಾಗೇ ಬೂದುಬಣ್ಣಕ್ಕೆ ಬಂತು. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಬೇರೆ ಯಾರೇ ಆಗಿದ್ದರೂ ಬೇಸತ್ತು ಅರ್ಧಕ್ಕೆ ಬಿಡ್ತಿದ್ದರು. ಇವನಿಗೆ ಅರ್ಧಕ್ಕೆ ಬಿಡೋದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ಆ ಪುಡಿಯಲ್ಲೇ ಮೇಡಂ ಪರಿಮಳ ಕಾಯಿಸಿದರು. ಚಿಟಿಕೆ ಮಾತ್ರ ತಾವೇ ಹಾಕಿದರು! ಸೋಮವಾರ ಶೆಟ್ಟರು ಬಂದರು. ಒಳಗೆ ಬರೋಕೆ ಮುಂಚೆ ಕಣ್ಣು ಒರೆಸಿಕೊಂಡು, ಹಣೆ ಒರೆಸಿಕೊಂಡು, ಗುರುಮಲ್ಲನಿಗೆ ತೋರಿಸಿ ಬಂದರು. ಬತ್ತಿಗೆ ಪರಿಮಳ ಸವರಿ ಮೂಸಿದರು. ಕಣ್ಣು ಮುಚ್ಚಿದರು. "ಇದೇ! ನನಗೆ ಬೇಕಾದದ್ದು ಇದೇ!" ಅಂದರು.

"ಪುಡಿ ಉಳಿಸಿದ್ದು ನಿನ್ನ ಮಗ" ಅಂದರು ಮೇಡಂ. ಮಗನ ಬಗ್ಗೆ ದೊಡ್ಡತಾಯಮ್ಮನ ಕಿವಿಗೆ ಬಿದ್ದ ಮೊದಲ ಒಳ್ಳೇ ಮಾತು ಅದು. ಅಡಿಗೆ ಕೋಣೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು.

ಆ ಮಾತು ಊರೆಲ್ಲ ಹಬ್ಬಿತು. ಗುರುಮಲ್ಲನ ಕೆಲಸ ಕಾಯಂ ಆಯಿತು. ಹೆಣ್ಣು ಗೊತ್ತುಮಾಡಿಕೊಂಡು ಮದುವೆ ದಲ್ಲಾಳಿ ಕಾಳಪ್ಪ ಬಂದ. "ಆಲಂಬೂರಿನ ರಾಜಮ್ಮಣಿ ಅಂತ ಒಂದು ಹೆಣ್ಣಿದೆ ಕಣಕ್ಕ. ನಿನ್ನ ಮಗನಿಗೆ ಹೇಳಿ ಮಾಡಿಸಿದ ಹಾಗವಳೆ" ಅಂದ. ದೊಡ್ಡತಾಯಮ್ಮ ಹುಡುಗಿಯನ್ನ ನೋಡಿದಳು. ಲಕ್ಷಣವಾಗಿದ್ದಳು, ತಲೆ ತಗ್ಗಿಸಿ ಕೂತಿದ್ದಳು, ಮಾತೇ ಆಡಲಿಲ್ಲ. ಸೊಸೆ ಬುದ್ಧಿವಂತೆಯಾದರೆ ಸಾಕು, ಮಗನನ್ನ ನೋಡಿಕೊಂಡಾಳು ಅಂದುಕೊಂಡು ವೀಳ್ಯ ಹಿಡಿದಳು.

ಮನೆ ಮುಂದೆ ಚಪ್ಪರ ಹಾಕಿ ಮದುವೆ. ವಾಲಗ ಊದಿತು, ಗುರುಮಲ್ಲ ತಾಳಿ ಕಟ್ಟಿದ, ಅಕ್ಷತೆ ಬಿತ್ತು. ದೊಡ್ಡತಾಯಮ್ಮ ಕಣ್ಣು ಮುಚ್ಚಿ ಮಾದಪ್ಪನಿಗೆ ಕೈ ಮುಗಿದಳು. ಕಣ್ಣು ಬಿಡೋ ಹೊತ್ತಿಗೆ ಹಸೆ ಮೇಲೆ ಹೆಣ್ಣಿದೆ, ಗಂಡಿಲ್ಲ!

"ಎಲ್ಲೋದ? ಎಲ್ಲೋದ?"

ಬಾವಿ ಕಡೆಯಿಂದ "ಅಯ್ಯಯ್ಯೋ!" ಅಂತ ಕೂಗು. ಎಲ್ಲರೂ ಓಡಿದರು. ಬಾಸಿಂಗ ಕಟ್ಟಿಕೊಂಡ ಮದುಮಗ ಕಾಳಪ್ಪನನ್ನ ಕಲ್ಲಿನ ಮೇಲೆ ಕೂರಿಸಿ, ಬಿಂದಿಗೆ ಮೇಲೆ ಬಿಂದಿಗೆ ಸುರಿದು, ಹುಲ್ಲಿನ ಸಿಂಬಿಯಲ್ಲಿ ಬೆನ್ನು ತಿಕ್ಕುತ್ತಿದ್ದಾನೆ!

"ಲೋ! ಏನೋ ಇದು!"

"ಜೋಡಿ ಆಯ್ತಲ್ಲ ಅವ್ವ! ದಲ್ಲಾಳೀನ ಅಲ್ಲೇ ಬಿಡಬಾರದು!"

ಯಾರಾದರೂ ಹಿಡಿಯೋಕೆ ಮುಂಚೆಯೇ ಕಾಳಪ್ಪನನ್ನ ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತಿದ. ಏಣಿಯನ್ನ ಮೇಲಕ್ಕೆ ಎಳೆದುಕೊಂಡ. ಬಿಳೀ ಪಂಚೆ ಹಾಸಿ ಬಿಸಿಲಿಗೆ ಮಲಗಿಸಿದ. ಒಂದು ಮಗ್ಗುಲು ಒಣಗಿಸಿದ, ಮಗುಚಿದ, ಇನ್ನೊಂದು ಮಗ್ಗುಲು ಒಣಗಿಸಿದ.

"ಬಿಡಪ್ಪ, ನಿನ್ನ ದಮ್ಮಯ್ಯ! ದಲ್ಲಾಳಿ ದುಡ್ಡೂ ಬೇಡ!" ಅಂತ ಕಾಳಪ್ಪ ಅಳ್ತಿದ್ದಾನೆ.

"ಅಲ್ಲಾಡಬೇಡಿ ಮಾವ, ಕಂಕುಳು ಇನ್ನೂ ಹಸಿ ಐತೆ!"

ಕೆಳಗೆ ಬೀಗರು ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ. ಶಾಕಿರಾ ಮೇಡಂ ನಗು ತಡೆಯಲಾರದೆ ಚಪ್ಪರದ ಕಂಬ ತಬ್ಬಿಕೊಂಡಿದ್ದಾರೆ. ದೊಡ್ಡತಾಯಮ್ಮನಿಗೆ ನಾಚಿಕೆಯಿಂದ ಭೂಮಿ ಬಿರಿಯಬಾರದೇ ಅನ್ನಿಸಿತು. ಆಗ ಗುರುಮಲ್ಲ ಕಾಳಪ್ಪನನ್ನ ಎತ್ತಿ ನಿಲ್ಲಿಸಿಕೊಂಡು ಮಹಡಿ ಅಂಚಿಗೆ ಬಂದು ಬಗ್ಗಿ ಕೂಗಿದ.

"ಅವ್ವಾ! ಒಣಗ್ತು! ಇವರನ್ನ ತುಂಬೋ ಅಷ್ಟು ದೊಡ್ಡ ಸೀಸೆ ಎಲ್ಲೈತೆ?"

ದೊಡ್ಡತಾಯಮ್ಮ ಸೊಸೆ ಕಡೆ ತಿರುಗಿದಳು. "ನೀನಾದರೂ ಒಂದು ಮಾತು ಹೇಳವ್ವ, ನಿನ್ನ ಮಾತಾದರೂ ಕೇಳಿಯಾನು!"

ರಾಜಮ್ಮಣಿ ತಲೆ ಎತ್ತಿ ಮಹಡಿ ಮೇಲಿದ್ದ ಕಾಳಪ್ಪನನ್ನ ಕಾಲಿಂದ ತಲೆ ತನಕ ಅಳೆದು ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಸೀಸೆ ಸಾಲಲ್ಲ ಕಣತ್ತೆ. ನಮ್ಮಪ್ಪನ ಮನೇಲಿ ರಾಗಿ ತುಂಬೋ ವಾಡೆ ಐತೆ. ಓಡಿ ಹೋಗಿ ತರ್ತೀನಿ, ಅಷ್ಟರೊಳಗೆ ನೀವು ಬಿರಡೆ ಹುಡುಕಿ!"