ಹೂವೇರಿದ ಹೆಜ್ಜೆ

"ಪುರಸಭೆ ಕಚೇರಿಗೆ ಯಾವ ಕಡೆ ಹೋಗಬೇಕಮ್ಮಾ?"

ರಸ್ತೆ ಬದಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಹೆಂಗಸನ್ನು ಗುರುತಾಯಿ ಕೇಳಿದರು. ದೇಶವೆಲ್ಲ ತಿರುಗಿದ ಅವರು ದಾರಿ ತಪ್ಪುವುದರಲ್ಲೂ ಎತ್ತಿದ ಕೈ. ಬೆಳಗಿನಿಂದ ಅದೇ ಬೇವಿನ ಮರ ಮತ್ತೆ ಮತ್ತೆ ಎದುರಾಗುತ್ತಿತ್ತು.

"ಆ ಮರದ ಬಲಕ್ಕೆ ತಿರುಗಿ. ಬೇಗ ಹೋಗ್ರವ್ವಾ, ಸಾಹೇಬರು ಊಟಕ್ಕೆ ಎದ್ದರೆ ನಾಳೇನೇ ಕೂರೋದು."

ಹಿಂದೆ ಕೋಲೂರಿ ಕುಂಟುತ್ತಿದ್ದ ಶಿಷ್ಯ ಚನ್ನಮಲ್ಲ ಕಚೇರಿಯ ಮಾತು ಕೇಳಿ ತಬ್ಬಿಬ್ಬಾದ; ಇದು ಯಾತ್ರೆಯ ದಾರಿಯೆಂದೇ ಅವನು ತಿಳಿದಿದ್ದ. ಗುರುತಾಯಿಯ ಗಂಟು ಹೊತ್ತು ನಡೆಯುವಾಗ ಇದೇ ಊರಿನ ಚರಂಡಿಯ ಚಪ್ಪಡಿ ಕುಸಿದು ಅವನ ಮೊಣಕಾಲಿಗೆ ಪೆಟ್ಟಾಗಿತ್ತು. ಆಪರೇಷನ್ ಆಗದೆ ಕಾಲು ನೆಟ್ಟಗಾಗದು ಎಂದಿದ್ದರು ಆಸ್ಪತ್ರೆಯವರು. ಚಪ್ಪಡಿ ಪುರಸಭೆಯದು, ಖರ್ಚು ಅದೇ ಕೊಡಬೇಕು. ಆದರೆ ಪೆಟ್ಟಾದವರು ಗಡುವಿನೊಳಗೆ ಬರೆದು ತಿಳಿಸಬೇಕೆಂಬುದು ಅಲ್ಲಿನ ನಿಯಮ. ಗಡುವು ಅಂದಿಗೆ ಮುಗಿಯುತ್ತಿತ್ತು.

"ನಾವು ಯಾತ್ರೆಗೆ ಹೊರಟವರಲ್ಲವೇ ತಾಯಿ? ತಿರುಗಿ ಬಂದಮೇಲೆ ಹೇಳಿದರಾಯಿತು. ನೋವಿಗೂ ಗಡುವು ಅಂದರೆ ಯಾವ ನ್ಯಾಯ? ಸತ್ಯ ಎಲ್ಲಿಗೆ ಓಡಿಹೋಗುತ್ತದೆ?"

ಗುರುತಾಯಿ ನಡೆಯುತ್ತಲೇ ಒಂದು ಕಥೆ ಹೇಳಿದರು.

ಒಬ್ಬ ಕುಂಬಾರನಿದ್ದ. ಕೆರೆಗೆ ಹೊರಟ ಅರಮನೆಯ ಆನೆ ಅವನ ಅಂಗಳಕ್ಕೆ ನುಗ್ಗಿತು. ಕುಂಬಾರನ ಕಾಲು ಮುರಿಯಿತು. ತುಳಿದು ಹದಮಾಡಿದ ಮಣ್ಣಿನಲ್ಲಿ ಆನೆಯ ಹೆಜ್ಜೆ ಅಚ್ಚೊತ್ತಿ ನಿಂತಿತು. ಅರಮನೆಯ ಆನೆಯಿಂದ ಪೆಟ್ಟಾದವರು ಅಮಾವಾಸ್ಯೆಯೊಳಗೆ ಬಂದು ಹೇಳಿದರೆ, ಮತ್ತೆ ದುಡಿಯುವ ತನಕ ರಾಜನ ಕಣಜದಿಂದ ಜೋಳ ಬರುತ್ತಿತ್ತು.

"ನಾನೇ ಹೋಗಿ ಹೇಳಿಬರ್ತೀನಿ," ಎಂದಳು ಹೆಂಡತಿ.

"ಸುಮ್ನಿರೇ. ನಡೆಯೋ ಹಾಗಾದ ಮೇಲೆ ನಾನೇ ಹೋಗ್ತೀನಿ. ಸಾಕ್ಷಿ ಅಂಗಳದಲ್ಲೇ ಬಿದ್ದಿದೆಯಲ್ಲ!"

ಆ ಹೆಜ್ಜೆ ಮಳೆಗೆ ಕರಗದಿರಲೆಂದು ಅವನು ಸುತ್ತಲೂ ಹುಲ್ಲು, ಬೆರಣಿ ಒಟ್ಟಿಸಿ ಸುಡಿಸಿದ. ಹೆಜ್ಜೆ ಇಟ್ಟಿಗೆಯಂತೆ ಗಟ್ಟಿಯಾಯಿತು. ಕುಂಬಾರ ನೆಮ್ಮದಿಯಾಗಿ ಮಲಗಿದ.

ದಾರಿಹೋಕನೊಬ್ಬ ಅದನ್ನು ಕಂಡು ಚಪ್ಪಲಿ ಬಿಟ್ಟ. ಮರುದಿನ ಯಾರೋ ಗರಿಕೆ ಇಟ್ಟರು. ಅಮಾವಾಸ್ಯೆಯ ಹೊತ್ತಿಗೆ ಮೇಲೊಂದು ಚಪ್ಪರ ಎದ್ದಿತ್ತು. ಕುಂಬಾರ ಬೇಡವೆನ್ನಲಿಲ್ಲ. ದಿನಕ್ಕೊಂದು ಹೋಳು ತೆಂಗಿನಕಾಯಿ ಮನೆಗೆ ಬರುತ್ತಿತ್ತು.

ಕಾಲು ಸೊಟ್ಟಗೇ ಕೂಡಿಕೊಂಡಿತು. ಕುಂಬಾರ ಕುಂಟುತ್ತ ಅರಮನೆಗೆ ಹೋದ. ಅಧಿಕಾರಿ ಕರುಣೆಯುಳ್ಳವನು. "ಗಡುವು ಮೀರಿದೆ. ಆದರೂ ಬಂದು ನೋಡುತ್ತೇನೆ," ಎಂದ.

ಬಂದ. ಕುಂಕುಮ ಮೆತ್ತಿದ ಹೆಜ್ಜೆ ನೋಡಿದ. ಚಪ್ಪಲಿ ಬಿಟ್ಟು, ಪ್ರದಕ್ಷಿಣೆ ಹಾಕಿ, ಕೈಮುಗಿದ.

"ಒಡೆಯಾ, ನನ್ನ ಕಾಲು ಮುರಿದ ಆನೆಯ ಹೆಜ್ಜೆ ಇದೇ," ಎಂದ ಕುಂಬಾರ.

"ಬಿಡ್ತು ಅನ್ನು! ಗಣಪನ ಪಾದ ಕಣಯ್ಯಾ ಇದು. ಕಾಲು ಮುರಿದಿದ್ದರೆ ನಿನ್ನಿಂದಲೇ ಏನೋ ಅಪಚಾರ ಆಗಿರಬೇಕು."

ಹೀಗೆಂದು ಅಧಿಕಾರಿ ಕಾಯಿ ಒಡೆದು, ಒಂದು ಹೋಳನ್ನು ಕುಂಬಾರನ ಕೈಗಿಟ್ಟು ಹೊರಟುಹೋದ.

"ಆಮೇಲೆ ಕುಂಬಾರ ಏನು ಮಾಡಿದ?" ಎಂದ ಚನ್ನಮಲ್ಲ.

"ಒಳಗೆ ಹೋಗಿ ಚಟ್ನಿ ಅರೆಸಿದ. ಒಳ್ಳೆಯವನು, ಸಿಕ್ಕಿದ್ದರಲ್ಲಿ ಸುಖವಾಗಿದ್ದ. ಮಡಕೆ ಮಾಡುವ ತಿಗರಿ ಮಾತ್ರ ಮತ್ತೆ ತಿರುಗಲಿಲ್ಲ."

ಚನ್ನಮಲ್ಲನಿಗೆ ನಗು ಬಂತು. ಅಷ್ಟರಲ್ಲಿ ಕಚೇರಿಯೂ ಬಂತು. ಸಾಹೇಬರು ಇನ್ನೂ ಊಟಕ್ಕೆ ಎದ್ದಿರಲಿಲ್ಲ. ಬೆಳಗಿನಿಂದ ತಾವೇ ಹೊತ್ತಿದ್ದ ಗಂಟನ್ನು ಗುರುತಾಯಿ ಮೆಟ್ಟಿಲ ಮೇಲಿಳಿಸಿದರು.

"ಇದನ್ನು ಹೊತ್ತು ಬಿದ್ದವನು ನೀನು. ಈ ಬಾಗಿಲ ತನಕ ನಿನ್ನನ್ನು ತಂದು ಬಿಡುವ ಋಣ ನನ್ನ ಮೇಲಿತ್ತು, ತೀರಿತು."

"ಆದರೂ ತಾಯಿ, ಸತ್ಯ..."

"ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ ಮಗಾ, ಕೂತಲ್ಲೇ ದೇವರಾಗಿಬಿಡುತ್ತದೆ."

ಚನ್ನಮಲ್ಲ ಕೋಲೂರಿ ಮೆಟ್ಟಿಲು ಹತ್ತಿದ.