ತಿಪ್ಪಜ್ಜಿಯ ಹೆಜ್ಜೆ ಅಳೆದದ್ದು

ನದಿ ದಂಡೆಯ ಆಶ್ರಮದಲ್ಲಿ ಮರುಳಸಿದ್ಧ ಎಂಬ ಶಿಷ್ಯನಿದ್ದ. ಕಂಡದ್ದನ್ನೆಲ್ಲ ಅಳೆಯುವ ಚಟ ಅವನಿಗೆ. ಅಂಗಳದ ಬೇವಿನ ನೆರಳನ್ನೂ ಬಿಟ್ಟವನಲ್ಲ.

ಆಶ್ರಮದ ಆಚೆ, ದಿಬ್ಬದ ಮೇಲೆ ತಿಪ್ಪಜ್ಜಿಯ ಗುಡಿಸಲು. ಎಂಬತ್ತು ದಾಟಿದ ಒಂಟಿ ಜೀವ. ದಿನಾ ಬೆಳಿಗ್ಗೆ ತಾನೇ ಹೊಳೆಗೆ ಇಳಿದು, ಕೊಡ ತುಂಬಿಕೊಂಡು ದಿಬ್ಬ ಹತ್ತುತ್ತಿದ್ದಳು. ಎಲ್ಲಾದರೂ ಬಿದ್ದರೆ ಏನು ಗತಿ, ಆಶ್ರಮದಲ್ಲೇ ಇಟ್ಟುಕೊಳ್ಳಿ ಎಂದು ಊರ ಹಿರಿಯರು ಗುರುಗಳ ಬೆನ್ನು ಬಿದ್ದಿದ್ದರು.

ಅಜ್ಜಿಯದು ಒಂದೇ ಮಾತು. "ನನ್ನ ಒಲೆ ಬಿಟ್ಟು ನಾನೆಲ್ಲಿಗೂ ಬರಾಕಿಲ್ಲ ಸ್ವಾಮಿ."

ಗುರುಗಳು ಮರುಳಸಿದ್ಧನನ್ನು ಕರೆದು, ಅಜ್ಜಿ ಹೇಗೆ ನಡೆಯುತ್ತಾರೆ ನೋಡಿಕೊಂಡು ಬಾ, ಆಮೇಲೆ ತೀರ್ಮಾನಿಸೋಣ ಎಂದರು.

ಅವನಿಗೆ ಹಬ್ಬವೇ ಆಯಿತು. ಸೆಣಬಿನ ಹುರಿ ಹಿಡಿದು ದಾರಿಯಲ್ಲಿ ನಿಂತ. ಅಜ್ಜಿ ಕೊಡ ಹೊತ್ತು ಹತ್ತಿಹೋದ ಮೇಲೆ ಹಸಿ ಮಣ್ಣಿನ ಗುರುತುಗಳನ್ನು ಅಳೆದ. ಹೆಜ್ಜೆಗೆ ಹೆಜ್ಜೆ ಎರಡು ಗೇಣು, ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ.

"ಅಜ್ಜಿ ಗಟ್ಟಿ ಇದ್ದಾರೆ, ಗುರುಗಳೇ."

"ನೀನು ಎಲ್ಲಿ ನಿಂತಿದ್ದೆ?"

"ಅವರ ಎದುರಿಗೇ."

"ನಾಳೆ ಅವರು ಮನೆ ಸೇರಿದ ಮೇಲೆ ಹೋಗು."

ಮಾರನೆಯ ದಿನದ ಹೆಜ್ಜೆಗಳೇ ಬೇರೆ. ಒಂದು ಗೇಣು, ಇನ್ನೊಂದು ಮುಕ್ಕಾಲು ಗೇಣು. ಏರಿನಲ್ಲಿ ಪಾದ ಅಡ್ಡಡ್ಡ ತಿರುಗಿತ್ತು. ಒಂದೆಡೆ ಎರಡೂ ಕಾಲು ಜೋಡಿಸಿ ನಿಂತ ಗುರುತು. ಮರುಳಸಿದ್ಧ ಹೆಜ್ಜೆಗೊಂದರಂತೆ ಹುರಿಗೆ ಗಂಟು ಹಾಕಿಕೊಂಡು ಆಶ್ರಮಕ್ಕೆ ಓಡಿದ.

"ಇನ್ನು ಅವರ ಕೈಲಾಗಲ್ಲ, ಗುರುಗಳೇ. ಇವತ್ತೇ ಕರೆಸಿಬಿಡಿ."

ಗುರುಗಳು ಗಂಟುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಆಶ್ರಮದ ಮಣ್ಣಿನ ಕೊಡ ಅವನ ಕೈಗಿಟ್ಟು, ನೀರು ತುಂಬಿ ಅಜ್ಜಿಯ ಮನೆಗೆ ಕೊಟ್ಟು ಬಾ ಎಂದರು.

ಅಷ್ಟೇ ತಾನೇ ಎಂದು ಅವನು ದಾಪುಗಾಲು ಹಾಕಿದ. ಅಜ್ಜಿಯ ಪಾದ ಅಡ್ಡ ತಿರುಗಿದ್ದ ಕಡೆ ಇವನು ನೇರ ಕಾಲಿಟ್ಟ. ಮಣ್ಣಿನಡಿಯ ನುಣುಪು ಕಲ್ಲು ಜಾರಿತು. ಕೊಡ ಚೂರಾಯಿತು, ಶಿಷ್ಯ ಕೆಸರಿನಲ್ಲಿ ಕೂತಿದ್ದ.

ಸದ್ದು ಕೇಳಿ ಅಜ್ಜಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಇಳಿದು ಬಂದಳು. ಕೈ ಹಿಡಿದು ಎಬ್ಬಿಸಿದಳು.

"ಇಲ್ಲಿ ಕಾಲು ಅಡ್ಡ ಇಡಬೇಕು ಕಣಪ್ಪ. ನಿನ್ನೆ ನೀನು ನೋಡ್ತಾ ನಿಂತಿದ್ದೆ ಅಂತ ಬಿರಬಿರನೆ ನಡೆದೆ. ಇನ್ನೊಂಚೂರಿಗೆ ನಾನೂ ಬೀಳ್ತಿದ್ದೆ."

ಮರುಳಸಿದ್ಧ ಕುಂಟುತ್ತಾ ಹಿಂತಿರುಗಿದಾಗ ಊರ ಹಿರಿಯರು ಉತ್ತರಕ್ಕಾಗಿ ಕಾದು ಕೂತಿದ್ದರು. ನಾಚಿಕೆಯಿಂದ ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

ಗುರುಗಳು ಅವನ ಕೆಸರು ಮೆತ್ತಿದ ಪಂಚೆಯನ್ನು ನೋಡಿದರು, ಹಿರಿಯರನ್ನೂ ನೋಡಿದರು.

"ಬೀಳುವವರು ಒಂಟಿಯಾಗಿರಬಾರದು ಅಂತ ಇವರೆಲ್ಲ ಹೇಳ್ತಿದ್ದಾರೆ. ಹೋಗಪ್ಪ ಮರುಳಸಿದ್ಧ, ಗುಡಿಸಲಲ್ಲಿ ನಿನಗೊಂದು ಜಾಗ ಕೊಡ್ತಾರಾ ಅಂತ ತಿಪ್ಪಜ್ಜಿಯನ್ನೇ ಕೇಳಿಕೊಂಡು ಬಾ."